ಕೊರಳಿಗೆ ಬಟ್ಟೆ ಕಟ್ಟಿದ ಮೇಲೆ

ಬಜಾರಿನಲ್ಲಿ ಎಲ್ಲರೂ ಕತ್ತರಿ ತಾತ ಎಂದು ಕರೆಯುವ, ಬೆನ್ನ ಹಿಂದೆ ಮೆಣಸಿನಕಾಯಿ ತಾತ ಎಂದು ಕರೆಯುವ ನಾನು, ವಯಸ್ಸು ಎಪ್ಪತ್ತೊಂದು, ಕಸುಬು ಕ್ಷೌರ, ಓದು ಮೂರನೇ ಕ್ಲಾಸಿಗೆ ನಿಂತಿದೆ, ವಾಸ ಹಳೇ ಬಜಾರಿನ ಹಿಂದಿನ ಸಾಲಿನಲ್ಲಿ ನನ್ನ ಅಂಗಡಿಯ ಮೇಲಿನ ಕೋಣೆ, ಠಾಣೆಯ ರೈಟರ ಎದುರು ಕೂತು, ಒತ್ತಾಯ ಮಾಡಿದವರ ಮಾತು ಕೇಳದೆ, ನನ್ನ ಬಾಯಿಂದಲೇ ಹೇಳಿ ಬರೆಸುವುದೇನೆಂದರೆ:

ನನ್ನ ಅಂಗಡಿಯಲ್ಲಿ ಒಂದೇ ಕುರ್ಚಿ. ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಹೊರಗೋಡೆಯಲ್ಲಿ ಒಂದು ಹಿತ್ತಾಳೆ ನಲ್ಲಿ. ಆ ನಲ್ಲಿಯ ನೀರಿನಿಂದಲೇ ನನ್ನ ಕಸುಬು ನಡೆಯುವುದು. ಈ ವರ್ಷ ಅದನ್ನು ಎರಡು ಸಲ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಬೆಳಿಗ್ಗೆ ಎದ್ದು ಬಂದರೆ ಗೋಡೆಯಲ್ಲಿ ತೂತು, ಬೀದಿಯಲ್ಲಿ ಹೊಳೆ. ಎರಡು ಸಲವೂ ಈ ಠಾಣೆಗೆ ಬಂದು ಹೇಳಿದ್ದೇನೆ. ಪ್ಲಾಸ್ಟಿಕ್ ನಲ್ಲಿ ಹಾಕಿಸಿ ತಾತ, ಅದನ್ನು ಯಾರೂ ಕದಿಯಲ್ಲ ಎಂದು ನಿಮ್ಮವರೇ ಬುದ್ಧಿ ಹೇಳಿ ಕಳಿಸಿದರು. ಕಳ್ಳನಿಗೆ ಹೆದರಿ ನಾನು ಪ್ಲಾಸ್ಟಿಕ್ ಹಾಕಿಸಬೇಕಾ ಎಂದು ಕೇಳಿ ಎದ್ದು ಬಂದೆ. ಮೂರನೇ ಸಲವೂ ಹಿತ್ತಾಳೆಯದನ್ನೇ ಹಾಕಿಸಿದೆ.

ನಿನ್ನೆ ಸೋಮವಾರ ಬೆಳಿಗ್ಗೆ ಆರೂವರೆ ಸುಮಾರಿಗೆ ನಾನು ಅಂಗಡಿ ತೆಗೆಯಲು ಮೆಟ್ಟಿಲಿಳಿದು ಬಂದಾಗ, ಒಬ್ಬ ಗಂಡಸು ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರಿನಿಂದ ನಲ್ಲಿ ತಿರುಗಿಸುತ್ತಿದ್ದನು. ನಲವತ್ತರ ಆಸುಪಾಸು, ಬಡಕಲು ದೇಹ, ಕಿವಿ ಮುಚ್ಚಿದ ಕೂದಲು, ವಾರಗಟ್ಟಲೆಯ ಗಡ್ಡ. ಪಕ್ಕದಲ್ಲಿದ್ದ ಚೀಲದಲ್ಲಿ ಬೇರೆ ಎರಡು ನಲ್ಲಿಗಳಿದ್ದವು. ಹಿಂದೆ ಅವನನ್ನು ಕಂಡವನಲ್ಲ. ನಾನು ಅವನ ಕಾಲರು ಹಿಡಿದು ಕೆನ್ನೆಗೆ ಎರಡು ಬಿಟ್ಟೆ. ಕಳ್ಳ ಕಳ್ಳ ಎಂದು ಕೂಗಿದೆ. ಮೊದಲು ಹೊಡೆದವನು ನಾನು, ಕೂಗಿದವನೂ ನಾನು. ಇದನ್ನು ಬಿಡದೆ ಬರೆದುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅಷ್ಟರಲ್ಲಿ ಸಡಿಲವಾಗಿದ್ದ ನಲ್ಲಿ ಕಳಚಿ ಬಿತ್ತು. ನೀರು ಚಿಮ್ಮಿ ನೇರ ಪಕ್ಕದ ಬಟ್ಟೆ ಅಂಗಡಿಯ ಹೊಸ್ತಿಲಿಗೆ ಹೊಡೆಯಿತು. ಆ ಅಂಗಡಿ ನನ್ನ ತಂಗಿಯ ಗಂಡನದು. ಅವನು ಬಜಾರಿನ ಅಂಗಡಿಯವರ ಸಂಘಕ್ಕೆ ಅಧ್ಯಕ್ಷ. ಅಂದು ಹೊಸ ಮಾಲು ಬಂದಿತ್ತೆಂದು ಬೇಗ ಬಾಗಿಲು ತೆಗೆದು ಮೂಟೆಗಳನ್ನು ಹೊಸ್ತಿಲ ಮೇಲೆ ಇಳಿಸಿಕೊಂಡಿದ್ದನು. ಎಲ್ಲ ತೊಯ್ದು ತೊಪ್ಪೆಯಾಯಿತು. ಅವನ ಸಿಟ್ಟು ಸುಳ್ಳಲ್ಲ. ಅವನ ಜಾಗದಲ್ಲಿ ನಾನಿದ್ದರೂ ಕುದಿಯುತ್ತಿದ್ದೆ.

ನನ್ನ ಕೂಗಿಗೆ ಜನ ಸೇರಿದರು. ಎದುರಿನ ಸೈಕಲ್ ರಿಪೇರಿಯವನು ಒಂದು ಮರದ ತುಂಡಿಗೆ ಹಳೇ ಟ್ಯೂಬು ಸುತ್ತಿ ತೂತಿಗೆ ಜಡಿದು ನೀರು ನಿಲ್ಲಿಸಿದನು. ಆ ಕೆಲಸ ಚೆನ್ನಾಗಿ ಮಾಡಿದ. ಆಮೇಲೆ ಅದೇ ಕೈಯಿಂದ ಕಳ್ಳನ ಎರಡೂ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದನು. ಬಂದವರೆಲ್ಲ ಒಂದೊಂದು ಕೊಟ್ಟರು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲ, ಹಾಗೆ. ಜೀವಮಾನದಲ್ಲಿ ಒಂದು ನಲ್ಲಿಯನ್ನೂ ಕಳೆದುಕೊಳ್ಳದವರು, ಮನೆಯಲ್ಲಿ ನಲ್ಲಿಯೇ ಇಲ್ಲದವರು ಕೂಡ ಹೊಡೆದರು. ಅವನ ತುಟಿ ಒಡೆದು ರಕ್ತ ಬಂತು. ಸಾಕು ಬಿಡ್ರೋ, ಠಾಣೆಗೆ ಕೊಡೋಣ ಎಂದು ನಾನು ಹೇಳಿದೆ. ಕೂಗುವಾಗ ನನ್ನೊಬ್ಬನ ಗಂಟಲು ಇಡೀ ಬಜಾರಿಗೆ ಕೇಳಿತ್ತು, ಸಾಕು ಅನ್ನುವಾಗ ಪಕ್ಕದವನಿಗೂ ಕೇಳಲಿಲ್ಲ.

ಮೂಲೆಯಲ್ಲಿ ತಳ್ಳುಗಾಡಿಯ ಮೇಲೆ ಮೊಟ್ಟೆ ಮಾರುವಾಕೆ ತನ್ನ ಫೋನಿನಿಂದ ಠಾಣೆಗೆ ಕರೆ ಮಾಡಿದಳು. ಜೀಪು ಹೊರಗೆ ಹೋಗಿದೆ, ಬಂದ ಕೂಡಲೇ ಕಳಿಸುತ್ತೇವೆ ಎಂದು ಉತ್ತರ ಬಂತಂತೆ. ಜೀಪು ಯಾವಾಗ ಬಂತು ಎಂದು ನಿಮ್ಮ ದಾಖಲೆಯಲ್ಲೇ ಇರುತ್ತದೆ. ನಾನು ಹೇಳುವುದು ಬೇಡ.

ನನ್ನ ತಂಗಿಯ ಗಂಡ ಮೆಟ್ಟಿಲ ಮೇಲೆ ನಿಂತು, ಇವನನ್ನು ಪೊಲೀಸರಿಗೆ ಕೊಟ್ಟರೆ ಸಂಜೆ ಹೊತ್ತಿಗೆ ಹೊರಗೆ ಬಂದು ನಾಳೆ ಮತ್ತೆ ಬಿಚ್ಚುತ್ತಾನೆ, ಅರ್ಧ ತಲೆ ಅರ್ಧ ಮೀಸೆ ಬೋಳಿಸಿ, ಆ ನಲ್ಲಿಗಳನ್ನೇ ಸರ ಮಾಡಿ ಕೊರಳಿಗೆ ಹಾಕಿ ಬಜಾರು ಸುತ್ತಿಸೋಣ, ಹುಟ್ಟುವ ಮಕ್ಕಳಿಗೂ ನೆನಪಿರಬೇಕು ಎಂದನು. ಎಲ್ಲರೂ ಹೋ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಭಾವ, ಅಂಗಡಿ ಬಾಗಿಲು ತೆಗೀರಿ, ಕೈಯಲ್ಲಿ ಕಸುಬಿದೆಯಲ್ಲ ಎಂದನು.

ನನ್ನ ಕತ್ತಿ ಅದಕ್ಕಲ್ಲ ಎಂದೆ. ನಲ್ಲಿ ಹೋಗಿದ್ದು ನಿಮ್ಮದೇ, ನಿಮಗೇ ಕನಿಕರವೇ ಎಂದನು. ಕನಿಕರ ಗಿನಿಕರ ಏನಿಲ್ಲ, ಅರ್ಧ ಕೆಲಸ ನಾನು ಮಾಡುವುದಿಲ್ಲ ಎಂದೆ. ತಾತನಿಗೆ ವಯಸ್ಸಾಯಿತು, ಸುಮ್ಮನೆ ನಾವೇ ಮಾಡೋಣ, ಚಿಮಣಿ ಎಣ್ಣೆ ಹಾಕಿ ಕಡ್ಡಿ ಗೀರಿದರೆ ಕೂದಲು ತಾನಾಗಿಯೇ ಹೋಗುತ್ತದೆ ಎಂದು ಹಿಂದಿನಿಂದ ಯಾರೋ ಅಂದರು. ಯಾರೆಂದು ನೋಡಲಿಲ್ಲ. ಕೆಲವರು ನಕ್ಕರು. ಕೆಲವರು ನಗಲಿಲ್ಲ, ನಗದವರನ್ನು ಕಂಡು ನನಗೆ ಹೆಚ್ಚು ಭಯವಾಯಿತು. ಆಗ ನಾನು ಬಾಗಿಲು ತೆಗೆದು, ಕರಕೊಂಡು ಬಂದು ಕುರ್ಚಿ ಮೇಲೆ ಕೂರಿಸಿ ಎಂದೆ. ಅವನನ್ನು ಕೂರಿಸಿದರು. ನಾನು ಬಿಳಿ ಬಟ್ಟೆ ಕೊಡವಿ ಅವನ ಕೊರಳಿಗೆ ಕಟ್ಟಿ ಹಿಂದೆ ಗಂಟು ಹಾಕಿದೆ.

ಇಲ್ಲಿ ಒಂದು ವಿಷಯ ಬರೆದುಕೊಳ್ಳಬೇಕು. ವಿಷಯಕ್ಕೆ ಬನ್ನಿ ಎಂದು ರೈಟರು ಹೇಳುತ್ತಿದ್ದಾರೆ. ವಿಷಯ ಇದೇ. ನಮ್ಮ ಕಸುಬಿನಲ್ಲಿ, ಕೊರಳಿಗೆ ಬಟ್ಟೆ ಕಟ್ಟಿದ ಮೇಲೆ, ಅದು ಬಿಚ್ಚುವ ತನಕ ಆ ಮನುಷ್ಯನನ್ನು ಯಾರೂ ಮುಟ್ಟುವಂತಿಲ್ಲ. ಹೆಂಡತಿ ಬಂದು ಕೂಗಿದರೂ ಎಬ್ಬಿಸುವಂತಿಲ್ಲ. ಬೆಂಚಿನ ಮೇಲೆ ಅವನ ವೈರಿ ಕೂತಿದ್ದರೂ ಬಾಯಿ ಮುಚ್ಚಿಕೊಂಡು ಕೂತಿರಬೇಕು. ಇದು ದೊಡ್ಡತನ ಅಲ್ಲ. ಕೊರಳ ಹತ್ತಿರ ಕತ್ತಿ ಆಡುತ್ತಿರುತ್ತದೆ, ಯಾರಾದರೂ ಜಗ್ಗಿದರೆ ಜೀವ ಹೋಗುತ್ತದೆ, ಅದಕ್ಕೆ. ಬಜಾರಿನಲ್ಲಿ ಇದು ಎಲ್ಲರಿಗೂ ಗೊತ್ತು.

ನನ್ನ ತಂಗಿಯ ಗಂಡನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಮದುವೆಗೆ ಮುಂಚೆ ಅವನು ಮತ್ತು ನನ್ನ ತಂಗಿ ಕದ್ದು ಓಡಾಡುತ್ತಿದ್ದದ್ದು ಮನೆಗೆ ತಿಳಿದಾಗ, ನಮ್ಮಪ್ಪ ದೊಣ್ಣೆ ಹಿಡಿದುಕೊಂಡು ಅವನನ್ನು ಅಟ್ಟಿಸಿಕೊಂಡು ಬಂದಿದ್ದರು. ಅವನು ಓಡಿ ಬಂದು ಕೂತದ್ದು ಇದೇ ಕುರ್ಚಿಯ ಮೇಲೆ. ನನಗೂ ಅವನ ಮೂಳೆ ಮುರಿಯುವಷ್ಟು ಕೋಪವಿತ್ತು. ಆದರೂ ಬಟ್ಟೆ ಕಟ್ಟಿದೆ. ನಮ್ಮಪ್ಪ ದೊಣ್ಣೆಯನ್ನು ಬಾಗಿಲಿಗೆ ಒರಗಿಸಿ ಬೆಂಚಿನ ಮೇಲೆ ಕೂತು ಕಾದರು. ಕಟಿಂಗ್ ಮುಗಿಯುವ ಹೊತ್ತಿಗೆ ಅವರ ಕೋಪ ಇಳಿದಿತ್ತು, ನೀನು ಯಾರ ಮಗನೋ ಎಂದು ಕೇಳುವಷ್ಟು. ಆ ವರ್ಷವೇ ಮದುವೆಯಾಯಿತು. ಕೋಪ ಇಳಿಯಲು ಒಂದು ಕಟಿಂಗ್ ಆಗುವಷ್ಟು ಹೊತ್ತು ಬೇಕು ಎಂದು ನಾನು ಅಂದು ಕಲಿತದ್ದು. ನಿನ್ನೆಯೂ ಅದನ್ನೇ ನಂಬಿ ಬಟ್ಟೆ ಕಟ್ಟಿದೆ.

ಬಟ್ಟೆ ಕಟ್ಟಿದ ಮೇಲೆ ಗಲಾಟೆ ತಗ್ಗಿತು. ಹತ್ತಾರು ಜನ ಬಾಗಿಲಲ್ಲೂ ಬೆಂಚಿನ ಮೇಲೂ ನಿಂತು ಕೂತು ನೋಡುತ್ತಿದ್ದರು. ನಾನು ಬಾಚಣಿಗೆ ಉಜ್ಜಿದೆ. ಕತ್ತರಿ ಒರೆಸಿದೆ. ಅವನ ತುಟಿಯ ರಕ್ತ ಒರೆಸಿ ಪಟಿಕ ಹಚ್ಚಿದೆ. ಆಮೇಲೆ ಹಿಂದಲೆಯಿಂದ ಶುರು ಮಾಡಿ ಇಡೀ ತಲೆಗೆ ಕಟಿಂಗ್ ಮಾಡಿದೆ. ನನ್ನ ಕೈಯಲ್ಲಿ ಒಂದು ತಲೆ ಇಪ್ಪತ್ತು ನಿಮಿಷದ್ದು. ನಿನ್ನೆಯದು ಮುಕ್ಕಾಲು ಗಂಟೆ ಹಿಡಿಯಿತು, ಜೀಪು ಬರಲಿ ಎಂದು ಬೇಕೆಂತಲೇ ಎಳೆದೆ. ಒಂದು ಸಲ ಕತ್ತರಿಸಿದ ಜಾಗಕ್ಕೆ ಮತ್ತೆ ಹೋದೆ. ಕಿವಿಯೊಳಗಿನ ಕೂದಲನ್ನೂ ಬಿಡಲಿಲ್ಲ.

ಸೈಕಲ್ ರಿಪೇರಿಯವನು, ತಾತ, ಕಳ್ಳನಿಗೆ ಶಿಕ್ಷೆ ಕೊಡು ಅಂದರೆ ಮದುವೆ ಗಂಡಿನ ಹಾಗೆ ತಯಾರು ಮಾಡ್ತಿದ್ದೀಯಲ್ಲ, ನನ್ನ ಮದುವೆಗೂ ಇಷ್ಟು ಚೆನ್ನಾಗಿ ಮಾಡಲಿಲ್ಲ ಎಂದನು. ನಿನ್ನ ತಲೆಯಲ್ಲಿ ಮಾಡುವುದಕ್ಕೆ ಏನಿತ್ತು ಎಂದೆ. ಎಲ್ಲರೂ ನಕ್ಕರು. ಕುರ್ಚಿಯಲ್ಲಿದ್ದವನೂ ನಕ್ಕು, ನಗುವುದೋ ಬೇಡವೋ ಎಂದು ಹೆದರಿ ನಿಲ್ಲಿಸಿದನು. ಇಬ್ಬರು ಮೂವರು ಅಂಗಡಿ ತೆಗೆಯುವ ಹೊತ್ತಾಯಿತೆಂದು ಹೊರಟರು. ಇನ್ನು ಸ್ವಲ್ಪ ಹೊತ್ತು ಸಿಕ್ಕಿದ್ದರೆ ಎಲ್ಲರೂ ಹೋಗುತ್ತಿದ್ದರು ಎಂದು ಈಗಲೂ ನನ್ನ ನಂಬಿಕೆ.

ನನ್ನ ತಂಗಿಯ ಗಂಡ ಮಾತ್ರ ಕೂರಲಿಲ್ಲ. ಒದ್ದೆ ಮೂಟೆಗಳನ್ನು ನೋಡಿ ಬರುವುದು, ಬಾಗಿಲಲ್ಲಿ ನಿಲ್ಲುವುದು, ಮತ್ತೆ ಹೋಗುವುದು ಮಾಡುತ್ತಿದ್ದನು. ಪ್ರತಿ ಸಲ ಬಂದಾಗ ಮುಖ ಇನ್ನಷ್ಟು ಕೆಂಪಗಾಗಿರುತ್ತಿತ್ತು.

ಕಟಿಂಗ್ ಮುಗಿದ ಮೇಲೂ ಜೀಪು ಬರಲಿಲ್ಲ. ಮೊಟ್ಟೆಯಾಕೆ ಬಾಗಿಲಲ್ಲಿ ನಿಂತು ಇನ್ನೂ ಇಲ್ಲ ಎಂದು ನನಗೆ ಕೈಯಾಡಿಸಿ ತೋರಿಸಿದಳು. ಆದ್ದರಿಂದ ಗಡ್ಡಕ್ಕೆ ನೊರೆ ಹಚ್ಚಿದೆ. ನಲ್ಲಿ ಇಲ್ಲವಾದ್ದರಿಂದ ಅದಕ್ಕೆ ಆಕೆಯೇ ಒಂದು ತಂಬಿಗೆ ನೀರು ತಂದುಕೊಟ್ಟಿದ್ದಳು. ಆಮೇಲೆ, ಕುರ್ಚಿಯಲ್ಲಿ ಕೂತ ಎಲ್ಲರನ್ನೂ ಕೇಳುವ ಹಾಗೆ, ಬಾಯಿಗೆ ಅಭ್ಯಾಸವಾಗಿಹೋಗಿರುವುದರಿಂದ, ಮೀಸೆ ಇರಲಾ ತೆಗೀಲಾ ಎಂದು ಕೇಳಿದೆ. ಅಷ್ಟು ಜನ ಹೊಡೆದಾಗ ಅಳದಿದ್ದವನು ಅದಕ್ಕೆ ಅತ್ತನು. ಇರಲಿ ಯಜಮಾನ್ರೇ, ಮೀಸೆ ಇಲ್ಲದಿದ್ದರೆ ನನ್ನ ಚಿಕ್ಕ ಮಗಳು ಹತ್ತಿರ ಬರುವುದಿಲ್ಲ, ಹೆದರುತ್ತಾಳೆ ಎಂದನು. ಮಗಳಿರುವವನಿಗೆ ಕದಿಯಲು ನನ್ನ ನಲ್ಲಿಯೇ ಬೇಕಿತ್ತೇನೋ, ಮೂರ್ಖ ಎಂದು ಬೈದೆ. ನಿಮ್ಮದು ಇದೇ ಮೊದಲ ಸಲ, ಹಿಂದಿನ ಎರಡು ನಾನಲ್ಲ ಎಂದನು. ಅದು ನಿಜವೋ ಸುಳ್ಳೋ ಪೊಲೀಸರು ನೋಡಿಕೊಳ್ಳಬೇಕು.

ನನ್ನ ಕುರ್ಚಿ ತಿರುಗುವಂಥದ್ದು. ಕತ್ತರಿ ಹಿಡಿದಾಗ ತಿರುಗಲು ಬಿಡುತ್ತೇನೆ. ಕತ್ತಿ ಕೈಗೆ ಬಂದ ಮೇಲೆ ಅದು ತಿರುಗಬಾರದು. ಅದಕ್ಕೆ ಕುರ್ಚಿಯ ಬುಡದಲ್ಲಿ ಕಬ್ಬಿಣದ ಒಂದು ಕೀಲು ಇದೆ. ಕೀಲು ಬಿದ್ದ ಮೇಲೆ ನಾಲ್ಕು ಜನ ತಳ್ಳಿದರೂ ಕುರ್ಚಿ ಅಲ್ಲಾಡದು. ತೆಗೆಯಬೇಕಾದರೆ ಕಾಲಿನ ಹೆಬ್ಬೆರಳಿನಿಂದ ಒತ್ತಿ ಎಡಕ್ಕೆ ಎಳೆಯಬೇಕು. ಹೊಸಬರ ಕಣ್ಣಿಗೆ ಅದು ಬೀಳುವುದೇ ಇಲ್ಲ. ನಿನ್ನೆ ಕತ್ತಿ ತೆಗೆದುಕೊಳ್ಳುವ ಮುಂಚೆ ಕೀಲು ಹಾಕಿದೆ. ಟಕ್ ಎಂದು ಬಿದ್ದ ಸದ್ದು ಕೇಳಿ, ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದ ಮೇಲೆಯೇ ಕತ್ತಿ ಹಿಡಿದೆ.

ಬಲಗೆನ್ನೆ ಮುಗಿಸಿ, ಬಲಕಿವಿಯ ಕೆಳಗೆ ಕೊನೆಯ ಎಳೆತ ಎಳೆಯುತ್ತಿದ್ದೆ. ಆಗ ಗೋಡೆಯ ಗಡಿಯಾರದಲ್ಲಿ ಎಂಟು ಇಪ್ಪತ್ತು. ನನ್ನ ತಂಗಿಯ ಗಂಡ ಒಳಗೆ ಬಂದು, ಎಲ್ಲಿ, ಅರ್ಧ ಬೋಳಿಸಿ ಅಂದರೆ ಶೃಂಗಾರ ಮಾಡ್ತಿದ್ದೀರಾ, ಜನ ನೋಡಲಿ ಇವನ ಮುಖ ಎನ್ನುತ್ತಾ ಕುರ್ಚಿಯ ಎಡಗೈಯನ್ನು ಹಿಡಿದನು. ಬಟ್ಟೆ ಕಟ್ಟಿದೆ ಕಣೋ, ಕೈ ತೆಗಿ ಎಂದು ನಾನು ಹೇಳಿದೆ. ಅವನು ಚಪ್ಪಲಿ ಕಳಚಿದ್ದ ಬಲಗಾಲಿನಿಂದ ಕೀಲು ಒತ್ತಿ, ಎಡಕ್ಕೆ ಎಳೆದು, ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿದನು. ಅವನ ಕಾಲು ಅಲ್ಲಿಗೆ ಹೋಗಿದ್ದನ್ನು ನಾನು ಕನ್ನಡಿಯಲ್ಲಿ ಅಲ್ಲ, ಕಣ್ಣಾರೆ ಕಂಡೆ. ಕತ್ತಿಯನ್ನು ಮುಖದಿಂದ ಎತ್ತಲು ಹೋದೆ. ಎತ್ತುವಷ್ಟರಲ್ಲಿ ಮುಖವೇ ಕತ್ತಿಯ ಮೇಲೆ ಬಂದಿತ್ತು. ಕಿವಿಯ ಕೆಳಗಿನಿಂದ ದವಡೆಯ ತುದಿಯ ತನಕ ಸೀಳಿತು. ಒಂದು ಬೆರಳಷ್ಟು ಕೆಳಗೆ ಆಗಿದ್ದರೆ ಈ ಹೇಳಿಕೆ ಬೇರೆಯಾಗಿರುತ್ತಿತ್ತು.

ಬಿಳಿ ಬಟ್ಟೆ ಎದೆಯ ತನಕ ಕೆಂಪಾಯಿತು. ನಾನು ಟವಲು ಮಡಿಸಿ ಗಾಯಕ್ಕೆ ಒತ್ತಿ ಹಿಡಿದೆ. ತಲೆ ಎತ್ತಿ ನೋಡಿದರೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅಷ್ಟು ಜನ ಹೋಗುವಾಗ ಸದ್ದು ಕೂಡ ಆಗಲಿಲ್ಲ. ನನ್ನ ತಂಗಿಯ ಗಂಡ ಒಬ್ಬನೇ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಭಾವ ನಾನು ಬೇಕಂತ ಮಾಡಿದ್ದಲ್ಲ, ಬೇಕಂತ ಮಾಡಿದ್ದಲ್ಲ ಎಂದು ಎರಡು ಸಲ ಹೇಳಿ ಹೋದನು. ಅವನ ಬಲಗಾಲಿನ ಚಪ್ಪಲಿ ಅಲ್ಲೇ ಉಳಿಯಿತು. ಅದನ್ನು ಈ ಹೇಳಿಕೆಯ ಜೊತೆ ಕೊಟ್ಟಿದ್ದೇನೆ.

ಮೊಟ್ಟೆಯಾಕೆ ತನ್ನ ಗಾಡಿಯ ಮೇಲಿದ್ದ ಮೊಟ್ಟೆಯ ಟ್ರೇಗಳನ್ನೆಲ್ಲ ನನ್ನ ಬೆಂಚಿನ ಮೇಲೆ ಇಳಿಸಿದಳು. ಅವನನ್ನು ಗಾಡಿಯ ಮೇಲೆ ಮಲಗಿಸಿ ನಾವಿಬ್ಬರೂ ತಳ್ಳಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನನ್ನ ಕೈ ಟವಲಿನ ಮೇಲೆಯೇ ಇತ್ತು. ಕೊರಳಿನ ಬಟ್ಟೆ ಬಿಚ್ಚಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ಹೊಲಿಗೆ ಹಾಕಿದರು. ಜೀವಕ್ಕೆ ಅಪಾಯವಿಲ್ಲವೆಂದರು. ನಿಮ್ಮ ಜೀಪು ಅಲ್ಲಿಗೆ ಬಂತು.

ಸಂಜೆ ಸಂಘದವರು ಸಭೆ ಸೇರಿದರಂತೆ. ನನ್ನನ್ನು ಕರೆಯಲಿಲ್ಲ. ಕಳ್ಳ ತಾನೇ ಜಿಗಿದ, ಕುರ್ಚಿ ಹಳೆಯದು, ತಾತನ ಕೈ ನಡುಗುತ್ತದೆ, ಯಾರೂ ಏನೂ ನೋಡಿಲ್ಲ ಎಂದು ಎಲ್ಲರೂ ಒಂದೇ ಮಾತಿಗೆ ಬಂದರಂತೆ. ಸೈಕಲ್ ರಿಪೇರಿಯವನು ಬಂದು ಹೇಳಿದನು. ನೀನು ಬಾಗಿಲಲ್ಲೇ ನಿಂತಿದ್ದೆಯಲ್ಲೋ ಎಂದು ಕೇಳಿದೆ. ನಿಂತಿದ್ದೆ ತಾತ, ಆದರೆ ನೋಡಿಲ್ಲ ಎಂದನು.

ಇಂದು ಬೆಳಿಗ್ಗೆ ನನ್ನ ತಂಗಿ ನನ್ನ ಕೋಣೆಗೆ ಬಂದಳು. ನನಗೆ ಹೆಂಡತಿ ಇಲ್ಲ. ನನ್ನ ಎರಡು ಹೊತ್ತಿನ ಊಟ ಬರುವುದು ತಂಗಿಯ ಮನೆಯಿಂದ. ಡಬ್ಬಿ ಕೆಳಗಿಟ್ಟು, ಅಣ್ಣ, ಕೀಲು ಸವೆದಿತ್ತು ಅನ್ನು, ಇಲ್ಲ ಕೈ ನಡುಗಿತು ಅನ್ನು, ಎಪ್ಪತ್ತು ದಾಟಿದ ಮುದುಕನಿಗೆ ಯಾರು ಶಿಕ್ಷೆ ಕೊಡುತ್ತಾರೆ, ಬೈದು ಕಳಿಸುತ್ತಾರೆ ಅಷ್ಟೇ ಎಂದಳು. ನಾನು ಅಂಗಿಯ ಗುಂಡಿ ಹಾಕಿಕೊಂಡೆ. ಒಬ್ಬ ನಲ್ಲಿ ಕಳ್ಳನಿಗೋಸ್ಕರ ಒಡಹುಟ್ಟಿದವಳ ಮನೆ ಮುರೀತೀಯಾ ಎಂದಳು. ಕುರ್ಚಿಯಲ್ಲಿ ಕೂತವನು ಕಳ್ಳನೋ ಸಾಹುಕಾರನೋ ನನ್ನ ಕತ್ತಿ ಕೇಳುವುದಿಲ್ಲ ಕಣೇ, ಕೇಳಿದ್ದಿದ್ದರೆ ನಿನಗೆ ಗಂಡನೇ ಸಿಗುತ್ತಿರಲಿಲ್ಲ ಎಂದೆ. ಅವಳು ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸಿದಳು. ಆಮೇಲೆ, ಡಬ್ಬಿ ಆರಿ ಹೋಗುತ್ತದೆ, ತಿನ್ನು ಎಂದು ಹೇಳಿ ಇಳಿದು ಹೋದಳು. ತಿಂದಿಲ್ಲ. ಆ ಮನೆಯ ಅನ್ನ ತಿಂದು ಆ ಮನೆಯ ಮೇಲೆ ಹೇಳಿಕೆ ಕೊಡುವುದಾಗಲಿ, ತಿಂದದ್ದಕ್ಕೆ ಹೇಳಿಕೆ ಬದಲಿಸುವುದಾಗಲಿ ಬೇಡವೆಂದು ಡಬ್ಬಿಯನ್ನು ಜೊತೆಗೆ ತಂದಿದ್ದೇನೆ. ನನ್ನ ಕಾಲ ಹತ್ತಿರ ಇದೆ. ಅವಳು ಈಗ ಠಾಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ.

ಕೀಲು ಸವೆದಿಲ್ಲ. ಯಾರನ್ನಾದರೂ ಕಳಿಸಿ, ಕೀಲು ಹಾಕಿ ತೋರಿಸುತ್ತೇನೆ, ನಿಮ್ಮ ಠಾಣೆಯಲ್ಲಿ ಎಷ್ಟು ಜನರಿದ್ದೀರೋ ಅಷ್ಟು ಜನ ಬಂದು ತಳ್ಳಿ ನೋಡಿ. ಅದನ್ನು ತೆಗೆಯುವ ರೀತಿಯನ್ನು ನನ್ನ ತಂಗಿಯ ಗಂಡನಿಗೆ ಕಲಿಸಿಕೊಟ್ಟವನು ನಾನೇ. ಅವನ ಮಕ್ಕಳು ಚಿಕ್ಕವರಿದ್ದಾಗ ಕಟಿಂಗ್ ಮುಗಿದ ಮೇಲೆ ಕೀಲು ತೆಗೆದು ಅವರನ್ನು ಗಿರಗಿರನೆ ತಿರುಗಿಸುತ್ತಿದ್ದನು. ಮಕ್ಕಳು ಕೇಕೆ ಹಾಕುತ್ತಿದ್ದವು.

ಯಾರ್ಯಾರದು ಎಷ್ಟೆಷ್ಟೋ ಅಷ್ಟೇ ಬರೆದುಕೊಳ್ಳಬೇಕು. ಆ ಮನುಷ್ಯ ನನ್ನ ನಲ್ಲಿ ಕದ್ದದ್ದು ನಿಜ, ಅದರ ಮೊಕದ್ದಮೆಯನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ನಾನು ಎರಡು ಏಟು ಹೊಡೆದದ್ದು ನಿಜ, ಅದಕ್ಕೇನು ಬರುತ್ತದೋ ಬರಲಿ. ನನ್ನ ತಂಗಿಯ ಗಂಡನಿಗೆ ಕೊಲ್ಲುವ ಮನಸ್ಸಿರಲಿಲ್ಲ, ಸೀಳುವ ಮನಸ್ಸೂ ಇರಲಿಲ್ಲ, ಜನರಿಗೆ ಮುಖ ತೋರಿಸುವ ಮನಸ್ಸಿತ್ತು. ಆದರೆ ಕತ್ತಿ ಕಾಣುತ್ತಿತ್ತು, ಬಟ್ಟೆ ಕಾಣುತ್ತಿತ್ತು, ನಾನು ಹೇಳಿದ್ದೂ ಕೇಳಿಸಿತು, ಆಮೇಲೆಯೇ ಅವನು ಕಾಲು ಹಾಕಿದ್ದು. ಇದಕ್ಕಿಂತ ಹೆಚ್ಚು ಬರೆದರೂ ಸುಳ್ಳು, ಕಡಿಮೆ ಬರೆದರೂ ಸುಳ್ಳು.

ಒಂದು ಕೋರಿಕೆ ಇದೆ. ಆಸ್ಪತ್ರೆಯಲ್ಲಿರುವ ಆ ಮನುಷ್ಯನ ಬಲಗೆನ್ನೆ ಮಾತ್ರ ಬೋಳಿಸಿದೆ, ಎಡಗಡೆ ಗಡ್ಡ ಹಾಗೇ ಇದೆ. ನಿನ್ನೆ ಜನ ಬೇಕೆಂದು ಕೇಳಿದ್ದೂ ಅರ್ಧ ಮುಖವನ್ನೇ. ಕಾವಲಿಗಿರುವ ಪೇದೆಯ ಎದುರಿನಲ್ಲೇ ಆಗಲಿ, ಉಳಿದ ಅರ್ಧವನ್ನು ಮುಗಿಸಲು ನನಗೆ ಅನುಮತಿ ಕೊಡಬೇಕು. ಕತ್ತಿ ನಿಮ್ಮ ವಶದಲ್ಲಿದೆ, ನನ್ನ ಹತ್ತಿರ ಇನ್ನೊಂದು ಇದೆ. ಅವನ ಮಗಳನ್ನು ಇವತ್ತು ಸಂಜೆ ಅವನನ್ನು ನೋಡಲು ಕರೆತರುತ್ತಾರಂತೆ, ಅದಕ್ಕೆ ಮುಂಚೆ ಆಗಬೇಕು.

ಮೇಲಿನದೆಲ್ಲ ನಾನು ಕಂಡದ್ದು, ಮಾಡಿದ್ದು, ಕೇಳಿದ್ದು. ರೈಟರು ಓದಿ ಹೇಳಿದರು, ಎರಡು ಕಡೆ ನನ್ನ ಬೈಗುಳವನ್ನು ಬಿಟ್ಟಿದ್ದಾರೆ, ಉಳಿದದ್ದು ಸರಿಯಾಗಿದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಸ್ಥಳ: ಬಜಾರು ಠಾಣೆ
ದಿನ: ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಹೆಬ್ಬೆಟ್ಟು ಒತ್ತಿ ಸಾಕು ತಾತ ಎಂದರು. ಬೇಡವೆಂದು ಪೆನ್ನು ಇಸಿದುಕೊಂಡು ನಾನೇ ಸಹಿ ಮಾಡಿದ್ದೇನೆ. ಕೈ ನಡುಗುತ್ತದೆ ಎಂದವರು ಈ ಸಹಿ ನೋಡಿಕೊಳ್ಳಲಿ.